‘ಚೆನ್ನಾಗೈತೆ’ ಅಂದವರಿಗೆ ಸ್ಟೂಲು

ನಾನು ಬರೆದ ಮನುಷ್ಯರಿಗೆಲ್ಲ ಕುರಿಯ ಕಾಲು ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಸಲೀಸು, ನನಗೂ ಸಲೀಸು. ಐಮಂಗಲದ ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ ನಾನು ಪರೀಕ್ಷಕ, ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗೆ. ಸುತ್ತಲಿನ ಹಳ್ಳಿಯವರ ಬಾಯಲ್ಲಿ ‘ಕುರಿ ಡಾಕ್ಟ್ರು’. ನನ್ನ ಸರ್ವಿಸಿನ ಬಹುಪಾಲು ಕುರಿಗಳ ಕಾಲೆತ್ತಿ ಗೊರಸು ನೋಡುವುದರಲ್ಲೇ ಕಳೆದಿದೆ. ಹೀಗಾಗಿ ಪೆನ್ಸಿಲ್ ಹಿಡಿದು, ಎದುರಿಗೆ ಕೂತವರ ಸೊಂಟದಿಂದ ಕೆಳಕ್ಕೆ ಇಳಿದೆನೆಂದರೆ ಕೈ ತನಗೆ ಗೊತ್ತಿರುವ ದಾರಿಯನ್ನೇ ಹಿಡಿಯುತ್ತದೆ. ಮೊಣಕಾಲು ಹಿಂದಕ್ಕೆ ಬಾಗುತ್ತದೆ, ಪಾದ ಚಿಕ್ಕದಾಗುತ್ತದೆ, ಇಡೀ ಮನುಷ್ಯ ಈಗಲೋ ಆಗಲೋ ಬೇಲಿ ಹಾರುವವನ ಹಾಗೆ ಕಾಣುತ್ತಾನೆ. ಅಂದಹಾಗೆ ಕುರಿಯ ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿದಂತೆ ಕಾಣುವುದು ಮೊಣಕಾಲಲ್ಲ, ಹಿಮ್ಮಡಿ. ಪಾಪದ ಪ್ರಾಣಿ ಹುಟ್ಟಿದಾಗಿನಿಂದ ತುದಿಗಾಲಿನಲ್ಲೇ ನಿಂತಿರುತ್ತದೆ. ಇಷ್ಟು ತಿಳಿದಿದ್ದೂ ನನ್ನ ಚಿತ್ರಕ್ಕೆ ಏನೂ ಉಪಯೋಗವಾಗಿಲ್ಲ.

ಚಿತ್ರದುರ್ಗದಲ್ಲಿ, ಕೋಟೆಯ ಕಡೆ ಹೋಗುವ ಒಂದು ಬೀದಿಯಲ್ಲಿ, ಪರಮೇಶಣ್ಣನ ಹಳೆಯ ಫೋಟೋ ಸ್ಟುಡಿಯೋ ಇದೆ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅಲ್ಲಿಗೆ ಫೋಟೋಕ್ಕೆ ಯಾರೂ ಬರುವುದಿಲ್ಲ. ಬೋರ್ಡು ಹಾಗೇ ಇದೆ, ಒಳಗೆ ಕೊಳ, ಹಂಸ, ಗುಲಾಬಿ ತೋಟ ಬರೆದ ಪರದೆಯೂ ಹಾಗೇ ಇದೆ. ಭಾನುವಾರ ಬೆಳಿಗ್ಗೆ ನಾವು ನಾಲ್ವರು ಅಲ್ಲಿ ಸೇರಿ ಮನುಷ್ಯರ ಚಿತ್ರ ಬರೆಯುವುದನ್ನು ಕಲಿಯುತ್ತೇವೆ. ಹಿರಿಯೂರಿನಿಂದ ಬಸ್ಸು ಹತ್ತಿ ನಾನು. ಹೊಸದುರ್ಗದಿಂದ ಗಿರಿಜಾ ಮೇಡಂ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಆಡಿಸುವವರು, ಕತ್ತಿನಲ್ಲಿ ಸೀಟಿ ಇಲ್ಲದಿದ್ದರೂ ದನಿಯಲ್ಲಿ ಇರುತ್ತದೆ. ಹೊಳಲ್ಕೆರೆಯಿಂದ ನಾಗರಾಜಪ್ಪ; ವಿಮೆ ಏಜೆಂಟರು, ಬೆಣ್ಣೆಯಂಥ ಮಾತು. ನಾಲ್ಕನೆಯವರು ಪರಮೇಶಣ್ಣ. ಜಾಗ ಅವರದು, ಟೀ ಅವರದು, ವಯಸ್ಸಿನಲ್ಲೂ ಅವರೇ ಹಿರಿಯರು. ಕಲಿಸುವವರು ಮಾತ್ರ ಯಾರೂ ಇಲ್ಲ. ಒಬ್ಬರು ಸ್ಟೂಲಿನ ಮೇಲೆ ಕೂರುವುದು, ಉಳಿದವರು ಬರೆಯುವುದು, ಆಮೇಲೆ ಎಲ್ಲರೂ ಸೇರಿ ತಪ್ಪು ಹೇಳುವುದು, ಇಷ್ಟೇ ನಮ್ಮ ವಿದ್ಯಾಲಯ.

ಮೂರನೆಯ ಕೆಲಸವೇ ಕಷ್ಟದ್ದು. ನಮ್ಮ ಕಡೆ ಜನಕ್ಕೆ ಜಗಳ ಬರುತ್ತದೆ, ವಿಮರ್ಶೆ ಬರುವುದಿಲ್ಲ. ಮದುವೆ ಮನೆಯಲ್ಲಿ ಸಾರಿಗೆ ಉಪ್ಪಿಲ್ಲದಿದ್ದರೂ ಕೈ ತೊಳೆಯುತ್ತಾ ‘ಚೆನ್ನಾಗೈತೆ’ ಅಂದೇ ಬರುತ್ತೇವೆ. ಶುರುವಿನಲ್ಲಿ ನಮ್ಮ ಚಿತ್ರಗಳಿಗೂ ಅದೇ ಮರ್ಯಾದೆ ಸಿಗುತ್ತಿತ್ತು. ಪರಮೇಶಣ್ಣ ಹಿಂದೆ ಫೋಟೋ ಒಣಗಿಸುತ್ತಿದ್ದ ದಾರಕ್ಕೆ ಚಿತ್ರಗಳನ್ನು ಕ್ಲಿಪ್ಪು ಹಾಕಿ ತೂಗುಬಿಡುತ್ತಿದ್ದೆವು. ಎಲ್ಲರೂ ಕೈ ಕಟ್ಟಿಕೊಂಡು ಮುಂದೆ ನಿಂತು ‘ಚೆನ್ನಾಗೈತೆ’, ‘ಅದೂ ಚೆನ್ನಾಗೈತೆ’ ಎಂದು ಟೀ ಕುಡಿದು ಮನೆಗೆ ಹೋಗುತ್ತಿದ್ದೆವು. ಕುರಿಯ ಕಾಲು ಭಾನುವಾರದಿಂದ ಭಾನುವಾರಕ್ಕೆ ಪುಷ್ಟವಾಗಿ ಬೆಳೆಯುತ್ತಿತ್ತು.

ಮಾತಿನಲ್ಲಷ್ಟೇ ಅಲ್ಲ, ಗೆರೆಯಲ್ಲೂ ಮರ್ಯಾದೆ ನುಗ್ಗಿತ್ತು. ಪರಮೇಶಣ್ಣ ಸ್ಟೂಲಿನ ಮೇಲೆ ಕೂತ ದಿನ ನಾವು ಮೂವರೂ ಅವರ ತಲೆಗೆ ಧಾರಾಳವಾಗಿ ಕೂದಲು ಬರೆದಿದ್ದೆವು. ಇರುವುದು ಕಿವಿಯ ಮೇಲೆ ಒಂದಿಷ್ಟು ಮಾತ್ರ. ನಾನು ಕೂತ ದಿನ ನನ್ನ ಹೊಟ್ಟೆಯನ್ನು ಎಲ್ಲರೂ ಸೇರಿ ಒಳಕ್ಕೆ ತಳ್ಳಿದ್ದರು. “ಡಾಕ್ಟ್ರೇ, ಎದುರಿಗೆ ಕುಂತವ್ರಿಗೆ ಹೊಟ್ಟೆ ಬರಿಯೋದು ಹೆಂಗ್ರಿ? ಸರಿ ಕಾಣಲ್ಲ,” ಎಂದು ನಾಗರಾಜಪ್ಪ ಸಂಕೋಚದಿಂದ ಹೇಳಿದರು. ಹೊಟ್ಟೆ ಹೊತ್ತುಕೊಂಡು ಬಸ್ಸಿನಲ್ಲಿ ಬಂದ ನನಗೆ ಇಲ್ಲದ ಸಂಕೋಚ ಅವರಿಗಿತ್ತು.

ಇದು ನಮ್ಮ ನಾಲ್ವರ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಸೀಮೆಯಲ್ಲಿ ಹೊಲದ ಬದುವಿಗೊಂದು, ಕೆರೆ ಏರಿಗೊಂದು ವೀರಗಲ್ಲು ನಿಂತಿರುತ್ತದೆ. ಹೊಟ್ಟೆ ಬಂದ ವೀರನನ್ನು ಎಲ್ಲಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ಕಳ್ಳರಿಂದ ದನ ಬಿಡಿಸಲು ಹೋಗಿ ಸತ್ತವನು ನಡುವಯಸ್ಸಿನ ಗೃಹಸ್ಥನೇ ಆಗಿದ್ದಿರಬಹುದು. ಕಲ್ಲಿನಲ್ಲಿ ಅವನ ಸೊಂಟ ಹಿಡಿಯಷ್ಟು. ಹಳೆಯ ಶಿಲ್ಪಿಗಳಿಗೆ ತಾಳ ಎಂಬ ಅಳತೆಯಿತ್ತು, ಮುಖದ ಉದ್ದ ಒಂದು ತಾಳ. ದೊಡ್ಡ ದೇವರಿಗೆ ಒಂಬತ್ತು ಹತ್ತು ತಾಳ, ಕುಳ್ಳ ಗಣಗಳಿಗೆ ನಾಲ್ಕು. ಗೌರವ ಹೆಚ್ಚಾದಷ್ಟೂ ಮೈ ಉದ್ದ. ನಾವು ಶಾಸ್ತ್ರ ಓದದೆಯೇ ಪರಮೇಶಣ್ಣನಿಗೆ ಒಂಬತ್ತು ತಾಳ ಕೊಟ್ಟಿದ್ದೆವು. ಅವರು ಚಿತ್ರದಿಂದ ಎದ್ದು ಬಂದಿದ್ದರೆ ಸ್ಟುಡಿಯೋದ ಬಾಗಿಲು ತಲೆಗೆ ಬಡಿಯುತ್ತಿತ್ತು.

ಒಂದು ಭಾನುವಾರ ಗಿರಿಜಾ ಮೇಡಂ ರೇಗಿದರು. ದಾರದ ಮೇಲಿದ್ದ ತಮ್ಮದೇ ಚಿತ್ರವನ್ನು ತೋರಿಸಿ, “ಈ ಕೈಗೆ ಮೊಣಕೈಯೇ ಇಲ್ಲ. ನೀವು ಮೂರು ಜನ ಗಂಡಸ್ರು ನಿಂತ್ಕಂಡು ಚೆನ್ನಾಗೈತೆ ಅಂತಿದೀರಲ್ಲ, ನಾಚಿಕೆ ಆಗಲ್ವೇನ್ರಿ?” ಅಂದರು. ಅಲ್ಲೇ ಒಂದು ಕಾನೂನು ಜಾರಿಯಾಯಿತು. ಇನ್ನು ಮುಂದೆ ಯಾರ ಬಾಯಲ್ಲಿ ‘ಚೆನ್ನಾಗೈತೆ’ ಬರುತ್ತದೋ ಅವರು ಮುಂದಿನ ಭಾನುವಾರ ಸ್ಟೂಲಿನ ಮೇಲೆ ಕೂರಬೇಕು.

ಇದರಲ್ಲೇನು ಶಿಕ್ಷೆ ಎನ್ನುತ್ತೀರಾ? ಒಮ್ಮೆ ಕೂತು ನೋಡಿ. ಅಲ್ಲಾಡಬಾರದು ಎಂದ ಕೂಡಲೇ ಮೂಗಿನ ತುದಿ ತುರಿಸುತ್ತದೆ. ಕಾಲಿಗೆ ಜೋಮು ಹಿಡಿಯುತ್ತದೆ. ಎಲ್ಲಿಂದಲೋ ಬಂದ ಇರುವೆ ನೇರ ನಿಮ್ಮ ಕಾಲನ್ನೇ ಏರುತ್ತದೆ. ನಾಲ್ಕಾರು ಕಣ್ಣು ನಿಮ್ಮನ್ನು ಮೇಲಿಂದ ಕೆಳಗೆ ಅಳೆಯುತ್ತಿರುವಾಗ ನಿಮ್ಮ ಮುಖಕ್ಕೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಅದೂ ಫೋಟೋ ಸ್ಟುಡಿಯೋ ಆದ್ದರಿಂದ ಕೂತವರೆಲ್ಲ ಹಳೆಯ ಅಭ್ಯಾಸದಂತೆ ಗಲ್ಲ ಎತ್ತಿ, ಅಂಗೈ ಮಂಡಿಯ ಮೇಲಿಟ್ಟು, ಉಸಿರು ಬಿಗಿಹಿಡಿದುಬಿಡುತ್ತಾರೆ. ಫೋಟೋಕ್ಕಾದರೆ ಒಂದು ಗಳಿಗೆ ಸಾಕು. ಇಲ್ಲಿ ಟೀ ಬರುವವರೆಗೂ ಬಿಡುಗಡೆ ಇಲ್ಲ. ಬಿಡುಗಡೆಯಾದಾಗ ನಮ್ಮ ಬೆನ್ನನ್ನು ನಾವೇ ಕೈಹಿಡಿದು ಎಬ್ಬಿಸಬೇಕು.

ಕಾನೂನು ಬಂದ ಮೇಲೆ ಎಲ್ಲರ ನಾಲಿಗೆಯೂ ಚುರುಕಾಯಿತು. “ಈ ಕಿವಿ ಕೆನ್ನೆ ಮ್ಯಾಲೆ ಬಂದೈತೆ.” “ಡಾಕ್ಟ್ರೇ, ಮತ್ತೆ ಕುರಿ ಬಂತು.” “ಕುತ್ತಿಗೆ ಎಲ್ಲಿ ಹೋತ್ರಿ?” ಮೊದಮೊದಲು ನೋವಾಗುತ್ತಿತ್ತು. ಮನೆಗೆ ಬಂದು ಹೆಂಡತಿಗೆ ಚಿತ್ರ ತೋರಿಸಿ ನ್ಯಾಯ ಕೇಳುತ್ತಿದ್ದೆ. ಅವಳು, “ಯಾವ ಕುರಿ ಇದು?” ಅಂದ ಮೇಲೆ ಕೇಳುವುದು ಬಿಟ್ಟೆ. ಆದರೆ ನಿಧಾನವಾಗಿ ಮೊಣಕಾಲು ಮುಂದಕ್ಕೆ ಬರತೊಡಗಿತು. ಒಂದು ಸಲ ಜೋಗಿಮಟ್ಟಿ ಬೆಟ್ಟಕ್ಕೆ ಹೋಗಿ ಬಂಡೆಗಳನ್ನೂ ಬರೆದು ಬಂದೆವು. ಬಂಡೆಗೆ ಯಾರೂ ಮರ್ಯಾದೆ ತೋರಿಸುವುದಿಲ್ಲವಾದ್ದರಿಂದ ಅವು ನಮಗೆ ಚೆನ್ನಾಗಿಯೇ ಬಂದವು.

ಕಾನೂನಿಗೆ ಖಾಯಂ ಬಲಿ ಎಂದರೆ ನಾಗರಾಜಪ್ಪ. ಜೀವನವಿಡೀ ಜನರ ಮನೆಯ ಜಗುಲಿ, ಮಗು, ಟಿವಿ ಎಲ್ಲವನ್ನೂ ಹೊಗಳಿ ಪಾಲಿಸಿ ಮಾಡಿಸಿದ ಬಾಯಿ, ಅದಕ್ಕೆ ಬ್ರೇಕು ಹತ್ತುತ್ತಿರಲಿಲ್ಲ. “ಗೆರೆ ಸ್ವಲ್ಪ ಸೊಟ್ಟ ಐತೆ, ಆದ್ರೂ ಚೆನ್ನಾ...” ಎಂದು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮೇಡಂ ಸ್ಟೂಲು ತೋರಿಸಿರುತ್ತಿದ್ದರು. ಹೀಗಾಗಿ ಅವರ ಕಿವಿ, ಮೂಗು, ಭುಜ ನಮ್ಮೆಲ್ಲರಿಗೂ ಬಾಯಿಪಾಠ. ನಾಳೆ ಅವರು ಕಳೆದುಹೋದರೆ ಪೊಲೀಸರಿಗೆ ಮೂರು ದಿಕ್ಕಿನಿಂದಲೂ ಚಿತ್ರ ಕೊಡಬಲ್ಲೆವು.

ಎಲ್ಲ ಹೀಗೆ ನಗುನಗುತ್ತಾ ನಡೆದಿರುವಾಗ ಪರಮೇಶಣ್ಣನ ಕೈ ನಡುಗಲು ಶುರುವಾಯಿತು.

ಮೊದಲು ಕಂಡದ್ದು ಟೀಯಲ್ಲಿ. ಕಪ್ಪಿನಿಂದ ಬಸಿಗೆ ಟೀ ತುಳುಕಿರುತ್ತಿತ್ತು, ನಾವು ನೋಡದವರಂತೆ ಬಸಿಯನ್ನೇ ಎತ್ತಿ ಕುಡಿಯುತ್ತಿದ್ದೆವು. ಆ ಕೈಯ ಬಗ್ಗೆ ಅವರಿಗೆ ಇದ್ದದ್ದು ಸಣ್ಣ ಹೆಮ್ಮೆಯಲ್ಲ. ಹಿಂದೆ ನೆಗೆಟಿವ್ ಮೇಲೆ ಕೂದಲೆಳೆಯಂಥ ಕುಂಚದಿಂದ ಮೊಡವೆ, ಸಿಡುಬಿನ ಕಲೆ ಅಳಿಸಿ ಎಷ್ಟೋ ಹೆಣ್ಣುಮಕ್ಕಳ ಮದುವೆಯ ಫೋಟೋ ತಿದ್ದಿದವರು. ಮಬ್ಬು ಬೆಳಕಿನ ಹಟ್ಟಿಯೊಳಗೆ ಸ್ಟ್ಯಾಂಡು ಇಲ್ಲದೆ ಕ್ಯಾಮೆರಾ ಹಿಡಿದರೂ ಚಿತ್ರ ಕದಲುತ್ತಿರಲಿಲ್ಲವಂತೆ. ಈಗ ಭಾನುವಾರ ಪೆನ್ಸಿಲ್ ಹಿಡಿಯುವ ಹೊತ್ತಿಗೆ ಅವರಿಗೆ ಏನಾದರೊಂದು ಕೆಲಸ ಬರುತ್ತಿತ್ತು. ಹಾಲು ತರಬೇಕು, ಕಿಟಕಿ ಒರೆಸಬೇಕು, ಪರದೆಯ ಧೂಳು ಕೊಡವಬೇಕು. ಅವರ ಹಾಳೆ ಖಾಲಿ ಉಳಿಯುತ್ತಿತ್ತು. ನಾವು ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ನನ್ನ ಹೊಟ್ಟೆಯನ್ನು ಕೈಬಿಟ್ಟು ಬರೆದ ಹಾಗೆ ಆ ನಡುಕವನ್ನೂ ಬಿಟ್ಟು ನೋಡುವುದನ್ನು ಕಲಿತಿದ್ದೆವು.

ಮೊನ್ನೆ ಮೊನ್ನೆ ಒಂದು ಭಾನುವಾರ ಸ್ಟೂಲಿನ ಸರದಿ ನನ್ನದಾಗಿತ್ತು. ಹಿಂದಿನ ವಾರ ಟೀ ಕುಡಿದು ಚೆನ್ನಾಗೈತೆ ಅಂದಿದ್ದೆ. ಟೀಗೂ ಕಾನೂನು ಅನ್ವಯಿಸುತ್ತದೆ ಎಂದು ಮೇಡಂ ತೀರ್ಪು ಕೊಟ್ಟಿದ್ದರು. ಅವತ್ತು ಪರಮೇಶಣ್ಣ ಹಾಲಿಗೆ ಹೋಗಲಿಲ್ಲ. ನನ್ನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ಬರೆಯತೊಡಗಿದರು. ಪೆನ್ಸಿಲ್ ಹಾಳೆಯ ಮೇಲೆ ಟಕಟಕ ಸದ್ದು ಮಾಡುತ್ತಿತ್ತು. ಅಲ್ಲಾಡಬಾರದ ನಾನು ಬೇರೆ ಕಡೆ ನೋಡುವ ಹಾಗೂ ಇರಲಿಲ್ಲ.

ಚಿತ್ರಗಳು ದಾರಕ್ಕೇರಿದವು. ಕೆಳಗೆ ಹೆಸರು ಬರೆಯಬಾರದೆಂಬುದು ನಮ್ಮ ರೂಢಿ, ಆದರೆ ಅವತ್ತು ಯಾರ ಗೆರೆ ಯಾವುದೆಂದು ಕೇಳುವ ಅಗತ್ಯವಿರಲಿಲ್ಲ. ಪರಮೇಶಣ್ಣ ಕ್ಲಿಪ್ಪು ಹಾಕಿ ನಮ್ಮ ಕಡೆ ತಿರುಗಿದರು.

“ನೋಡ್ರಪ್ಪಾ, ಗುಳಿಗೆ ನುಂಗಿದೀನಿ, ಕೈ ಇಷ್ಟೇ ನಿಲ್ಲೋದು ಅಂತ ದೊಡ್ಡಾಸ್ಪತ್ರೆ ಡಾಕ್ಟ್ರು ಹೇಳವ್ರೆ. ಇವತ್ತು ಇದ್ದದ್ದು ಇದ್ದಂಗೆ ಹೇಳ್ರಿ. ಆಗಲ್ಲ ಅಂದ್ರೆ ಪೆನ್ಸಿಲ್ ಇಡ್ತೀನಿ. ಟೀ ಮಾಡ್ಕಂಡು ಇರ್ತೀನಿ, ನೀವು ಬರ್ತಾ ಇರ್ರಿ. ಆದ್ರೆ ವಯಸ್ಸಾದೋನು ಅಂತ ಸುಳ್ಳು ಮಾತ್ರ ಹೇಳಬ್ಯಾಡ್ರಿ, ನಂಗೆ ಗೊತ್ತಾಗ್ತೈತೆ.”

ನಾನು ನಾಗರಾಜಪ್ಪನ ಮುಖ ನೋಡಿದೆ. ಊರಿಗೆಲ್ಲ ಚೆನ್ನಾಗೈತೆ ಹಂಚುವ ಮನುಷ್ಯ ಅವತ್ತು ತುಟಿ ಬಿಚ್ಚದೆ ಚಪ್ಪಲಿ ನೋಡುತ್ತಾ ನಿಂತಿದ್ದರು. ಏನಂದರೂ ಕರುಣೆಯಂತೆ ಕೇಳಿಸೀತೆಂಬ ಭಯ. ನನಗೂ ಅದೇ ಭಯ. ನಿಜ ಹೇಳುತ್ತೇನೆ, ಚಿತ್ರದ ಕಡೆ ತಿರುಗಲು ನನಗೆ ಧೈರ್ಯವೇ ಬರಲಿಲ್ಲ.

ಗಿರಿಜಾ ಮೇಡಂ ಹತ್ತಿರ ಹೋಗಿ, ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ನೋಡಿದರು. ಮಕ್ಕಳ ಓಟದಲ್ಲಿ ಗೆರೆ ದಾಟಿದವರನ್ನು ಹಿಡಿಯುವ ಕಣ್ಣು ಅದು. ಕೊನೆಗೆ, “ಗೆರೆ ನಡುಗ್ತೈತೆ,” ಅಂದರು. “ಆದ್ರೆ ಇರಬೇಕಾದ ಜಾಗದಲ್ಲೇ ಐತೆ. ನಮ್ಮವು ನೆಟ್ಟಗವೆ, ಜಾಗ ತಪ್ಪಿ ಅವೆ.”

ಆಗ ನಾನು ನೋಡಿದೆ. ನನ್ನ ಹೊಟ್ಟೆ ಇತ್ತು. ಅಂಗಿಯ ಗುಂಡಿ ಬಿಗಿದು ನಿಂತದ್ದು ಇತ್ತು. ಯಾವುದೋ ಟಗರು ಗುದ್ದಿ ಸೊಟ್ಟಗಾದ ನನ್ನ ಕಿರುಬೆರಳು, ನಾನೇ ಮರೆತಿದ್ದದ್ದು, ಮಂಡಿಯ ಮೇಲೆ ಸೊಟ್ಟಗೇ ಕೂತಿತ್ತು. ನಡುಗುವ ಗೆರೆಯಿಂದಾಗಿ ಅಂಗಿ ಉಸಿರಾಡುವ ಹಾಗಿತ್ತು. ಕಾಲು ಮನುಷ್ಯನವೇ. ಇಷ್ಟು ದಿನ ನನ್ನನ್ನು ಬರೆದವರೆಲ್ಲ ನನಗೆ ಮರ್ಯಾದೆ ಕೊಟ್ಟಿದ್ದರು. ಇವರು ನನ್ನನ್ನು ನೋಡಿದ್ದರು. ಸಂತೋಷವಾಗಿತ್ತು, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

“ಚೆನ್ನಾಗೈತೆ,” ಅಂದೆ.

ಪರಮೇಶಣ್ಣ ನನ್ನನ್ನೇ ದಿಟ್ಟಿಸಿದರು. “ಡಾಕ್ಟ್ರೇ, ಸುಮ್ನೆ ಅಂತಿಲ್ಲ ತಾನೆ?”

“ಸುಮ್ ಸುಮ್ನೆ ಅಂದು ಇನ್ನೊಂದ್ ವಾರ ಆ ಸ್ಟೂಲ್ ಮೇಲೆ ಯಾರು ಕುಂತ್ಕಂತಾರಣ್ಣ? ಈಗ್ಲೇ ಬೆನ್ನು ಹೋಗೈತೆ.”

“ನಂದೂ ಬರ್ಕಳ್ರಿ, ಚೆನ್ನಾಗೈತೆ,” ಅಂದರು ಮೇಡಂ. ಕಾನೂನು ಮಾಡಿದ ಮೇಲೆ ಅವರ ಬಾಯಲ್ಲಿ ಆ ಮಾತು ನಾವು ಕೇಳಿದ್ದು ಅದೇ ಮೊದಲು. ನಾಗರಾಜಪ್ಪ ಕೊನೆಗೂ ತಲೆ ಎತ್ತಿದರು. ಕಣ್ಣು ಒದ್ದೆಯಾಗಿತ್ತು. “ನಾನು ಹೇಳಿದ್ರೆ ಬೆಲೆ ಐತೋ ಇಲ್ವೋ...” ಎಂದು ತಡವರಿಸಿ, ಅವರೂ ಹೇಳಿದರು. ಪರಮೇಶಣ್ಣ ಒಳಗೆ ಹೋಗಿ ಟೀ ತಂದರು. ಬಸಿ ತುಂಬ ತುಳುಕಿತ್ತು, ಅವರು ಅದನ್ನು ಒರೆಸುವ ಗೋಜಿಗೆ ಹೋಗಲಿಲ್ಲ.

ಬಿಟ್ಟಿ ಹಂಚುವ ಮಾತಿಗೂ ಬೆನ್ನು ನೋಯಿಸಿಕೊಂಡು ಆಡುವ ಮಾತಿಗೂ ಇರುವ ಅಂತರ ನನಗೆ ತಿಳಿದದ್ದು ಮುಂದಿನ ಭಾನುವಾರ. ಮೂವರೂ ತಪ್ಪಿತಸ್ಥರಾದ್ದರಿಂದ ಸ್ಟೂಲು ಸಾಲದೆ ಹೊರಗಿನ ಬೆಂಚು ಒಳಗೆ ಬಂತು. ಪರದೆಯ ಹಂಸದ ಮುಂದೆ ಮೇಡಂ ನಡುವೆ, ನಾವಿಬ್ಬರು ಆಚೀಚೆ. ನಾಗರಾಜಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಬರೆಯುವವರು ಒಬ್ಬರೇ. ಪರಮೇಶಣ್ಣ ಎದ್ದು ಬಂದು ನನ್ನ ಭುಜ ಒಂದಿಷ್ಟು ತಿರುಗಿಸಿದರು, ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದರು, ಕುರ್ಚಿಯಲ್ಲಿ ಕೂತು ಮಣಿಕಟ್ಟು ಹಿಡಿದುಕೊಂಡರು.

“ಹೊಟ್ಟೆ ಒಳಗೆ ಎಳ್ಕಬ್ಯಾಡ್ರಿ ಡಾಕ್ಟ್ರೇ,” ಅಂದರು. ಆಮೇಲೆ ಹಳೆಯ ದನಿಯಲ್ಲಿ, ಇಡೀ ಊರಿಗೆ ಹೇಳಿ ಹೇಳಿ ಪಳಗಿದ ದನಿಯಲ್ಲಿ, “ಹಂಗೇ ಇರ್ರಿ. ಅಲ್ಲಾಡಬ್ಯಾಡ್ರಿ.”

ಪೆನ್ಸಿಲ್ ಟಕಟಕ ಎನ್ನತೊಡಗಿತು. ನನ್ನ ಮೂಗಿನ ತುದಿಗೆ ಒಂದು ನೊಣ ಬಂದು ಕೂತಿತು. ಕೂತಿರಲಿ ಎಂದು ಬಿಟ್ಟೆ.