ತೊಗರಿಕಟ್ಟಿಗೆಯ ಮೇಲಿನ ದರೋಡೆಕೋರ

ಭೂಕಂಪದಲ್ಲಿ ನಿಲಂಗಾ ಹತ್ತಿರದ ನಮ್ಮ ಕಲ್ಲಿನ ಮನೆ ಕುಸಿದು ಅತ್ತೆ ತೀರಿಹೋದರು. ಉದಗೀರದಲ್ಲಿದ್ದ ನಾನು, ನನ್ನ ಗಂಡ ಊರಿಗೆ ಬಂದು ತಗಡಿನ ಶೆಡ್ಡು ಸೇರಿದೆವು. ಸೇರಿದ್ದು ನಾವಿಬ್ಬರೇ. ಮಾವ ಬೇಲಿಯ ಹತ್ತಿರ ಹೊರಸು ಹಾಕಿಕೊಂಡು ಅಲ್ಲೇ ಉಣ್ಣುವುದು, ಅಲ್ಲೇ ಮಲಗುವುದು. ಸೂರು ಕಂಡರೆ ಹೆದರುವವರು ಆಗ ಓಣಿ ತುಂಬ ಇದ್ದರು. ಇವರೂ ಹಾಗೇ ಎಂದುಕೊಂಡೆವು. ಬೇಸಿಗೆ ಮುಗಿಯುವ ಹೊತ್ತಿಗೆ ನಾನು ಬಸುರಿ. ಆದರೂ ಚಿಂತೆಯೆಲ್ಲ ಮಾವನದೇ: ಮಳೆ ಹಿಡಿದರೆ ಇವರ ಗತಿ ಏನು?

ಒಂದು ಮಧ್ಯಾಹ್ನ ಬೇಲಿಯ ತೊಗರಿಕಟ್ಟಿಗೆಯ ಮೇಲೆ ಕಣಜದಂಥದ್ದೊಂದು ಕೂತಿತ್ತು. ಹುಳ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕಸಬರಿಗೆ ಎತ್ತಿದೆ.

"ಹೊಡೀಬ್ಯಾಡ ಯವ್ವಾ," ಎಂದರು ಮಾವ. "ಕಣಜ ಅಲ್ಲ ಅದು, ನೊಣ. ರೆಕ್ಕಿ ಎರಡೇ ಅವ ನೋಡು."

ಕೇಳಿದ್ದಕ್ಕೂ ಉತ್ತರ ಕೊಡದಿದ್ದ ಮನುಷ್ಯ! ಕಸಬರಿಗೆ ಕೆಳಗಿಟ್ಟು ನೋಡಿದೆ. ಗೂನು ಬೆನ್ನು, ತುದಿಗೆ ಚೂಪಾಗುವ ಹೊಟ್ಟೆ, ದಪ್ಪ ಕಣ್ಣುಗಳ ನಡುವೆ ತಗ್ಗು, ಬಾಯಿಯ ಮೇಲೆ ಪೊದೆಮೀಸೆ. ನೋಡುತ್ತಿದ್ದಂತೆ ಚಂಗನೆ ಹಾರಿ, ಪಕ್ಕದಲ್ಲಿ ಕಟ್ಟಿದ್ದ ಆಕಳ ಮೈಯಿಂದ ಎದ್ದ ನೊಣವನ್ನು ಗಾಳಿಯಲ್ಲೇ ಹಿಡಿದು, ಅದೇ ಕಟ್ಟಿಗೆಗೆ ಮರಳಿತು. ಸೊಂಡಿಲು ಚುಚ್ಚಿ ಆರಾಮಾಗಿ ಹೀರಿ, ಬರೀ ಸಿಪ್ಪೆಯನ್ನು ಕೆಳಗೆ ಬಿಟ್ಟಿತು.

"ದರೋಡೆಕೋರ ಇದ್ದಂಗ ಅದರೀ," ಎಂದೆ.

"ಹೊಟ್ಟಿಗಿ ಹಿಡೀತದ, ಪಾಪ. ಎಲ್ಲೇ ಹಿಡೀಲಿ, ಉಣ್ಣಲಾಕ ತನ್ನ ಜಾಗಾಕ್ಕೇ ಬರ್ತದ."

ಅಂದಿನಿಂದ ಅವರ ತಾಟಿನ ಜೊತೆ ನನ್ನದನ್ನೂ ಹೊರಗೆ ತರತೊಡಗಿದೆ. ನೊಣ ಬೇಟೆ ಹಿಡಿದು ಬಂದು ಕೂತರೆ ಮಾವನೂ ರೊಟ್ಟಿ ಮುರಿಯುವರು. ಅದಕ್ಕೆ ಬೇಟೆ ತಪ್ಪಿದಾಗ ನಾನು ನಕ್ಕರೆ, ಅದರ ಪರ ವಹಿಸಿ ನನ್ನನ್ನೇ ಗದರುವರು. ಬೈಸಿಕೊಂಡು ಅಷ್ಟು ಖುಷಿಪಟ್ಟವಳು ನಾನೊಬ್ಬಳೇ ಇರಬೇಕು.

ಮೊದಲ ಮಳೆ ಊಟದ ಹೊತ್ತಿಗೇ ಬಂತು. ನಾನು ತಾಟುಗಳನ್ನು ಎತ್ತಿಕೊಂಡು ಒಳಗೆ ಓಡಿ ಕರೆದೆ, "ಒಳಗ ಬರ್ರಿ ಮಾವಾ. ತಗಡು ಅದ, ಬಿದ್ರೂ ಏನೂ ಆಗಲ್ಲ. ಅಂಜಬ್ಯಾಡ್ರಿ."

"ಅಂಜಿಕಿ ಯಾರಿಗದ?" ಎಂದರು, ನೆನೆಯುತ್ತಲೇ. "ಭೂಮಿ ನಡುಗಿದ ರಾತ್ರಿ ನಾ ಜ್ವಾಳ ಕಾಯಲಾಕ ಹೊಲಕ್ಕ ಹೋಗಿದ್ದೆ. ಒಳಗ ಆಕಿ ಒಬ್ಬಾಕಿನೇ ಇದ್ದಳು."

ಅಷ್ಟು ತಿಂಗಳೂ ಅಂಜಿಕೆ ಎಂದುಕೊಂಡೇ ನಾವು ಅವರಿಗೆ ಧೈರ್ಯ ಹೇಳುತ್ತ ಬಂದಿದ್ದೆವು. ಹೊರಗೆ ಹೋಗಿ ಹೊರಸಿನ ಬಳಿ ಕಲ್ಲಿನ ಮೇಲೆ ಕೂತೆ. ಸೀರೆ ತೊಯ್ದು ತೊಪ್ಪೆಯಾಯಿತು.

"ಬಸುರಿ ಹೆಂಗಸ, ಹುಚ್ಚಿ ಏನ ನೀ? ಏಳು!"

"ನೀವು ಎದ್ರ ಏಳ್ತೀನ್ರಿ."

ಮಾವ ಎದ್ದು, ಹೊರಸಿನ ಮೇಲಿನ ಕಂಬಳಿ ತೆಗೆದು ನನ್ನ ತಲೆಯ ಮೇಲೆ ಹಾಕಿ, "ನಡಿ. ಮತ್ತ ಒಬ್ಬಾಕಿನ್ನೇ ಒಳಗ ಬಿಡಲ್ಲ ನಾ," ಎಂದು ನನಗಿಂತ ಮೊದಲು ಬಾಗಿಲು ದಾಟಿದರು.