ಈರಣ್ಣನ ಕುದುರೆಯನ್ನು ಮಾರಿದವನು

ಸಂಗಮೇಶ, ಈರಣ್ಣನ ಬಿಳಿ ಕುದುರೆಯನ್ನು ಮಾರಿದವನು ನಾನು. ನೀನಲ್ಲ.

ಮೊಬೈಲ್ ಆಟದೊಳಗಿನ ಕುದುರೆ — ಮೇವು ತಿನ್ನದ, ಲದ್ದಿ ಹಾಕದ ಕುದುರೆ. ಆದರೂ ಅದನ್ನು ಗೆಲ್ಲಲು ಈರಣ್ಣ ಎರಡು ವರ್ಷ ಆಡಿದ್ದ. ಕಬ್ಬಿನ ಹಂಗಾಮಿಗೆ ಟ್ರ್ಯಾಕ್ಟರ್ ಹೊಡೆಯಲು ಹೊರಡುವಾಗ, ಅಲ್ಲಿ ಆಡಲು ಬಿಡುವಿರದೆಂದು, ಪಾಸ್‌ವರ್ಡ್ ನಮ್ಮಿಬ್ಬರಿಗೇ ಕೊಟ್ಟು ಹೇಳಿದ್ದ: "ದಿನಾ ಒಬ್ಬರರೆ ಒಳಗ ಹೋಗಿ ಬರ್ರಿಲೇ. ಮನ್ಯಾಗ ದನಾ ಬಿಟ್ಟು ಹೊಂಟಂಗ ಆಗೇತಿ ನನಗ."

ಬೇರೆ ಊರಿನ ಆಟಗಾರನೊಬ್ಬ ಅದಕ್ಕೆ ಎಂಟು ಸಾವಿರ ಕೊಡುತ್ತೇನೆಂದ. ನನಗೆ ಹೊಸ ಫೋನು ಬೇಕಿತ್ತು — ಬೇಕಿತ್ತು ಎನ್ನುವುದೂ ಸುಳ್ಳು, ಆಸೆಯಾಗಿತ್ತು. ಒಂದು ಸೋಮವಾರ ಮಧ್ಯಾಹ್ನ ಕುದುರೆ ಅವನಿಗೆ ಹೋಯಿತು, ಹಣ ನನಗೆ ಬಂತು.

ಈರಣ್ಣ ಮರಳಿದ ದಿನ, ಬೈಲಹೊಂಗಲದ ನಿನ್ನ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಗೆಳೆಯರೆಲ್ಲ ಸೇರಿದ್ದೆವು. ಅವನು ಸವದತ್ತಿ ಎಲ್ಲಮ್ಮನ ಪ್ರಸಾದದ ಅರಿಶಿನ, ಭಂಡಾರದ ಪೊಟ್ಟಣ ಬಿಚ್ಚಿ ನಿನ್ನ ಮುಂದೆ ಹಿಡಿದ.

"ಮುಟ್ಟಿ ಹೇಳು, ನಾ ತಗೊಂಡಿಲ್ಲಂತ."

ನೀನು ಕೈ ಹಿಂದೆ ಕಟ್ಟಿಕೊಂಡೆ. "ನಮ್ಮ ಮನ್ಯಾಗ ಖರೇ ಇದ್ರೂ ಭಂಡಾರ ಮುಟ್ಟಿ ಆಣಿ ಮಾಡೂದಿಲ್ಲೋ. ಅಜ್ಜನ ಕಾಲದಿಂದ ಐತಿ."

"ಈಗ ಅಜ್ಜ ನೆನಪಾದ ನೋಡು," ಎಂದು ಯಾರೋ ನಕ್ಕರು.

ಈರಣ್ಣ ನನ್ನ ಕಡೆ ತಿರುಗಿದ. ನಾನು ಕೈ ಚಾಚಲು ಸಿದ್ಧನಾಗಿದ್ದೆ — ಹೌದು, ಸುಳ್ಳಾಣೆಗೂ. ಅವನೇ ಪೊಟ್ಟಣ ಮಡಚಿದ. "ನಿನ್ನ ಏನ್ ಕೇಳೂದೋ. ಚಾ ಕುಡಿದದ್ದೂ ತಾರೀಖ ಹಾಕಿ ಬರಕೊಳ್ಳಾಂವ ನೀ."

ನಿಮ್ಮ ಮನೆಯ ಆ ಪದ್ಧತಿ ನನಗೆ ಗೊತ್ತಿತ್ತು, ಸಂಗಮೇಶ. ನಿಮ್ಮವ್ವನ ಬಾಯಿಂದಲೇ ಕೇಳಿದ್ದೆ. ಅಷ್ಟನ್ನಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಆಮೇಲೆ ನಿನ್ನ ಅಂಗಡಿಯಲ್ಲಿ ಫೋನು ಬಿಟ್ಟು ಹೋಗುವವರು ಕಡಿಮೆಯಾದರು. ಲಾಕ್ ತೆಗೆದ ಫೋನನ್ನು ಕಳ್ಳನೆನಿಸಿಕೊಂಡವನ ಕೈಗೆ ಯಾರು ಕೊಡುತ್ತಾರೆ? ಯುಗಾದಿಗೆ ಮುಂಚೆಯೇ ಬಾಗಿಲು ಹಾಕಿ, ರಾಮದುರ್ಗದ ನಿಮ್ಮ ಮಾವನ ಬಟ್ಟೆ ಅಂಗಡಿಯಲ್ಲಿ ದುಡಿಯಲು ಹೋದೆ. ಹೊರಡುವಾಗ ನನ್ನ ಹೆಗಲ ಮೇಲೆ ಕೈ ಇಟ್ಟು, "ನೀ ಒಬ್ಬನರೆ ನನ್ನ ಕಳ್ಳ ಅನ್ನಲಿಲ್ಲಪಾ," ಎಂದೆ.

ನಾಲ್ಕು ವರ್ಷವಾಯಿತು. ಈ ಭಾನುವಾರ ಈರಣ್ಣನ ಮನೆಗೆ ಹೋಗುತ್ತೇನೆ. ಅಂದು ಅಲ್ಲಿದ್ದವರೆಲ್ಲರನ್ನೂ ಕರೆದಿದ್ದೇನೆ. ಏಕೆಂದು ಇನ್ನೂ ಹೇಳಿಲ್ಲ. ನೀನು ಬರಬೇಕಾಗಿಲ್ಲ. ಕಳ್ಳ ನೀನಲ್ಲ, ನಾನು ಎಂದು ಅವರ ಮುಖ ನೋಡಿ ಹೇಳುತ್ತೇನೆ. ಅಷ್ಟು ನನ್ನಿಂದ ಆಗುತ್ತದೆ. ನೀನು ಮುಚ್ಚಿದ ಬಾಗಿಲನ್ನು ಮತ್ತೆ ತೆರೆಸುವುದು ಹೇಗೆಂದು ಮಾತ್ರ ನನಗೆ ತಿಳಿಯದು.