ಗುಂಯ್‌ಗುಡುವ ಗಾಲಿ

ನಮ್ಮ ರೊಟ್ಟಿ ವ್ಯಾನು ಹಿಂದಿನಿಂದ ಗುಂಯ್‌ಗುಡಲು ಶುರು ಮಾಡಿದಾಗ, ಅದು ಟೈರಿನ ಸದ್ದೆಂದು ನನ್ನ ಗಂಡ ಹಟ ಹಿಡಿದರು. ಟೈರು ಬದಲಾಯಿಸಿದರೂ ಸದ್ದು ಹೋಗಲಿಲ್ಲ. ದಿನಾ ಬಾಲಾನಗರದ ಕ್ಯಾಂಟೀನುಗಳಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹೇರಿಕೊಂಡು ಆ ವ್ಯಾನು ಓಡಿಸುವವಳು ನಾನು. ಒಂದು ಸಂಜೆ ಸ್ಟೇರಿಂಗ್ ಅವರ ಕೈಗೆ ಕೊಟ್ಟು, ಹಿಂದೆ ಖಾಲಿ ಬುಟ್ಟಿಗಳ ನಡುವೆ ನೆಲಕ್ಕೆ ಕಿವಿಯಿಟ್ಟು ಮಲಗಿದೆ.

“ಎಡಗಡೆ ಗಾಲಿರೀ! ಬೇರಿಂಗ್ ಹೋಗೈತಿ!” ಎಂದು ಕೂಗಿದೆ.

ಭಾನುವಾರ ಗಂಡ ಅಂಗಳದಲ್ಲಿ ಗಾಲಿ ಬಿಚ್ಚಿದರು. ಮದುವೆಗೆ ಮುಂಚೆ ಗ್ಯಾರೇಜಿನಲ್ಲಿ ದುಡಿದ ಕೈ ಅವರದು. ಎಣ್ಣೆ ತಡೆಯುವ ಸೀಲು ಹರಿದು, ಬ್ರೇಕಿನ ಲೈನರೆಲ್ಲ ತೊಯ್ದು ಹೋಗಿತ್ತು. ನನ್ನ ಮುಖ ನೋಡಿ, “ಆತು, ಗೆದ್ದಿ ನೀ,” ಎಂದರು. ನನಗೆ ಒಳಗೊಳಗೇ ಖುಷಿ.

ಬೇರಿಂಗ್ ಕೂತಿದ್ದ ಆಕ್ಸಲ್ ಮಾತ್ರ ಜಪ್ಪಯ್ಯ ಅಂದರೂ ಹೊರಗೆ ಬರಲಿಲ್ಲ. ಬ್ರೇಕಿನ ಡ್ರಮ್ಮನ್ನು ಅದರ ತುದಿಗೆ ತಿರುವಿ ಹಾಕಿ, ನಟ್ಟುಗಳನ್ನು ಸಡಿಲ ಬಿಟ್ಟು, ಎರಡೂ ಕೈಯಿಂದ ಹಿಡಿದು ಸುತ್ತಿಗೆಯಂತೆ ಹೊರಕ್ಕೆ ಬಡಿಯುತ್ತ ಜಗ್ಗತೊಡಗಿದರು. ಪಕ್ಕದ ಮನೆಯ ತೆಲುಗು ಅಕ್ಕ ಗೇಟಿನಾಚೆಯಿಂದ “ಇಂಕಾ ಗಟ್ಟಿಗಾ, ಅಣ್ಣಾ!” ಎಂದು ಹುರಿದುಂಬಿಸಿದಳು. ಅವರು ಉಸಿರು ಬಿಗಿಹಿಡಿದು ಮತ್ತೊಮ್ಮೆ ಜಗ್ಗಿದರು. ಆಕ್ಸಲ್ ಸರ್ರನೆ ಕಳಚಿ ಬಂತು. ಅದನ್ನು ಅಪ್ಪಿಕೊಂಡೇ ಹಿಂದಕ್ಕೆ ಹೋಗಿ ನನ್ನ ದೊಡ್ಡ ರೊಟ್ಟಿ ಬುಟ್ಟಿಯಲ್ಲಿ ಕುಕ್ಕರಿಸಿದರು. ಬುಟ್ಟಿ ಚಪ್ಪಟೆಯಾಯಿತು.

ಒಳಗಿಂದ ಓಡಿ ಬಂದ ಅತ್ತೆ, “ಬುಟ್ಟಿ ಹೋದ್ರ ಹೋಗ್ಲಿ, ಸೊಂಟ ಉಳದೈತೇನೋ?” ಎಂದರು.

“ಉಳದೈತಿ ಬೇ. ಮೊದ್ಲ ಎಬ್ಬಸ್ರಿ ನನ್ನ!”

ನಗು ತಡೆಯಲಾರದೆ ನಾನೂ ಅತ್ತೆಯೂ ಅಲ್ಲೇ ಕೂತುಬಿಟ್ಟೆವು. ಅವರನ್ನು ಎಬ್ಬಿಸಿದ್ದು ಕೊನೆಗೆ ಪಕ್ಕದ ಮನೆಯ ಅಕ್ಕನೇ.

ಆಕ್ಸಲ್ಲನ್ನು ಹಳೆಯ ಸೀರೆಯಲ್ಲಿ ಸುತ್ತಿ, ಗಂಡನ ಸ್ಕೂಟರಿನ ಹಿಂದೆ ಕೂತು, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಾಲಾನಗರಕ್ಕೆ ಹೊರಟೆ. ಸಿಗ್ನಲ್ಲಿನಲ್ಲಿ ಪೊಲೀಸಪ್ಪ ಬಗ್ಗಿ ನೋಡಿ, “ಕ್ಯಾ ಹೈ ಅಮ್ಮಾ ಇಸ್ಮೆ?” ಎಂದ. ಸುತ್ತಿದ ಸೀರೆಯ ಅಂಚು ಸರಿಸಿ ಆಕ್ಸಲ್ ತೋರಿಸಿದೆ. ಅವನು ತಲೆಯಲ್ಲಾಡಿಸುತ್ತ ದಾರಿ ಬಿಟ್ಟ. ಒತ್ತುಯಂತ್ರದ ಅಂಗಡಿಯಲ್ಲಿ ಹಳೆಯ ಬೇರಿಂಗ್ ಕತ್ತರಿಸಿ ತೆಗೆದು, ಹೊಸದನ್ನು ಒತ್ತಿ ಕೂರಿಸಿಕೊಟ್ಟರು. ಹೊಸ ಲೈನರನ್ನೂ ಎರಡು ಸೀಲುಗಳನ್ನೂ ತಂದೆವು.

ಮನೆಗೆ ಬಂದು ಅವರು ಬಡಿದ ಹೊಸ ಸೀಲು ಸೊಟ್ಟಗಾಯಿತು. ಪುಣ್ಯಕ್ಕೆ ಇನ್ನೊಂದಿತ್ತು. “ಕೊಡ್ರಿ ಇಲ್ಲೆ,” ಎಂದು ಸುತ್ತಿಗೆ ನಾನೇ ಇಸಿದುಕೊಂಡೆ. ಮೇಲೊಂದು ಮರದ ತುಂಡಿಟ್ಟು ಸುತ್ತಲೂ ಮೆಲ್ಲಗೆ, ರೊಟ್ಟಿ ಬಡಿದಷ್ಟೇ ಹದವಾಗಿ ತಟ್ಟಿದೆ. ನೆಟ್ಟಗೆ ಕೂತಿತು.

ಎಲ್ಲ ಜೋಡಿಸಿ, ಬ್ರೇಕು ನೋಡಿಕೊಂಡು ಹೊರಟಾಗ ಅತ್ತೆಯೂ ಹತ್ತಿದರು. ಗುಂಯ್‌ ಎನ್ನುವ ಸದ್ದೇ ಇಲ್ಲ. ಊರಾಚೆಯ ಪಟಾನ್‌ಚೆರುವಿನ ತನಕ ಹೋದರೂ ಹಿಂದಿರುಗುವ ಮಾತನ್ನು ಯಾರೂ ಎತ್ತಲಿಲ್ಲ. ಅಲ್ಲೊಂದು ಗಾಡಿಯ ಹತ್ತಿರ ಬಿಸಿ ಮಿರ್ಚಿ ತಿನ್ನುತ್ತ ಅತ್ತೆ, “ಭಾಳ ಚಲೋ ಆತು, ಇನ್ನೊಂದು ಪ್ಲೇಟ್ ಹೇಳೋ,” ಎಂದರು. ಗಂಡ ಖುಷಿಯಲ್ಲಿ ಮೂರು ಹೇಳಿದರು.